ಲೋಡಿಗೆ ಒರಗಿದ ಬೆನ್ನು

ನಮ್ಮ ಕಾಕಾ ಅವರ ಗಾದಿಯ ಹಿಂದಿನ ಲೋಡಿನ, ಅಂದರೆ ಒರಗುದಿಂಬಿನ, ಮೇಲೆ ಅವರ ಬೆನ್ನಿನ ಅಚ್ಚು ಮೂಡಿತ್ತು. ಬಿಳಿಯ ಗವಸಿನ ನಡುಮಧ್ಯದಲ್ಲಿ ಮೊರದಷ್ಟು ಅಗಲದ ಹಳದಿ ಕಲೆ. ಅಗಸರು ಸೋಡಾ ಹಾಕಿ ಕುದಿಸಿದರೂ ಅದು ಹೋಗುತ್ತಿರಲಿಲ್ಲ. ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ವ್ಯಾಪಾರ ಮಾಡುವವರೆಲ್ಲರ ಬೆರಳುಗಳೂ ಹಳದಿಯಾಗಿರುತ್ತವೆ. ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಬೆರಳಿಗಿಂತ ಬೆನ್ನು ಹೆಚ್ಚು ಹಳದಿಯಾಗಿದ್ದ ವ್ಯಾಪಾರಿ ನನಗೆ ತಿಳಿದ ಮಟ್ಟಿಗೆ ಅವರೊಬ್ಬರೇ. ಅವರ ದುಡಿಮೆಯ ಸ್ವರೂಪಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಅವಶ್ಯವಿಲ್ಲವೆಂದು ಭಾವಿಸುತ್ತೇನೆ.

ಸದರಿ ಕಾಕಾ ಅವರ ಬಗ್ಗೆ ನನಗೆ ಖುದ್ದಾಗಿ ತಿಳಿದಿರುವ ಸಂಗತಿಗಳನ್ನು ಕ್ರಮವಾಗಿ ನಿವೇದಿಸುವುದು ಈ ಬರಹದ ಉದ್ದೇಶವಾಗಿದೆ. ಇದಕ್ಕೆ ಮುಂಚೆ ನಾನು ಬರೆದದ್ದೆಲ್ಲ ಅರ್ಜಿ, ಜವಾಬು ಮತ್ತು ವರದಿ. ಹೀಗಾಗಿ ಬರಹದಲ್ಲಿ ದಫ್ತರದ ವಾಸನೆ ಬಂದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ. ಮನೆತನದ ಮರ್ಯಾದೆಯ ದೃಷ್ಟಿಯಿಂದ ಹೆಸರನ್ನು ಕಾಣಿಸಿಲ್ಲ. ಮರ್ಯಾದೆ ಮನೆತನದ್ದು, ಅವರದಲ್ಲ ಎಂಬುದನ್ನು ಮಾತ್ರ ಆರಂಭದಲ್ಲಿಯೇ ಸ್ಪಷ್ಟಪಡಿಸಲು ಇಚ್ಛಿಸುತ್ತೇನೆ.

ನನ್ನ ತಂದೆಯವರು ನಾನು ಚಿಕ್ಕವನಿದ್ದಾಗಲೇ ಲಿಂಗೈಕ್ಯರಾದರು. ಅಂಗಡಿ, ಮಾಲು ಕೂಡಿಡುವ ವಖಾರ, ಅರಿಷಿಣ ತುಂಬಿಡುವ ನೆಲದೊಳಗಿನ ಹಗೇವುಗಳು, ನನ್ನ ತಾಯಿ ಮತ್ತು ನಾನು, ಇವೆಲ್ಲವೂ ಒಟ್ಟಾಗಿ ತಂದೆಯ ತಮ್ಮನಾದ ಕಾಕಾ ಅವರ ಸ್ವಾಧೀನಕ್ಕೆ ಬಂದವು. ಅವರಿಗೆ ಗಂಡುಮಕ್ಕಳಿರಲಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಮಾತನಾಡುತ್ತಿದ್ದರು. ಸಂಸ್ಥಾನದ ಅಧಿಕಾರಿಗಳು ಬಂದಾಗ ಮಾತ್ರ ಯಾವ ಊರಿನದೂ ಅಲ್ಲದ ಒಂದು ಭಾರವಾದ ಮರಾಠಿಯನ್ನು ಆಡುತ್ತಿದ್ದರು. ಅದನ್ನು ಅವರು ದರ್ಬಾರಿ ಭಾಷೆಯೆಂದು ನಂಬಿದ್ದರು. ಅಧಿಕಾರಿಗಳು ಮೀಸೆಯೊಳಗೆ ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ನ್ಯಾಯ. ಮಾಲಿನ ಪರೀಕ್ಷೆಯಲ್ಲಿ ಅವರನ್ನು ಮೀರಿಸುವವರು ಪೇಟೆಯಲ್ಲಿ ಕಡಿಮೆ. ರೈತ ತಂದ ಚೀಲದೊಳಗೆ ಕೈ ಹಾಕಿ ಅರಿಷಿಣದ ಒಂದು ಕೊಂಬನ್ನು ಹೊರತೆಗೆದು, ಕಿವಿಯ ಹತ್ತಿರ ಹಿಡಿದು, ಎರಡು ಕೈಗಳಿಂದ ಮುರಿಯುವರು. ಚೆನ್ನಾಗಿ ಬೆಂದು ಒಣಗಿದ ಕೊಂಬಾದರೆ ಲೋಹ ಬಡಿದ ಹಾಗೆ ಟಣ್ಣೆಂದು ತುಂಡಾಗುತ್ತದೆ. ಒಣಗದಿದ್ದುದು ಸಪ್ಪಳವಿಲ್ಲದೆ ಬಾಗುತ್ತದೆ. ಅಂಥದ್ದನ್ನು ರೈತನ ಮುಂದೆ ಎಸೆದು ಹೇಳುವರು: “ಬಗ್ಗೂದು ಹಸಿ, ಮುರಿಯೂದು ಮಾಲು. ಒಯ್ದು ಬಿಸಲಾಗ ಹಾಕು, ಹೋಗು.” ಈ ಮಾತನ್ನು ಅವರು ಮನುಷ್ಯರಿಗೂ ಅನ್ವಯಿಸುತ್ತಿದ್ದರು. ತಮ್ಮ ಮಾತಿಗೆ ಒಪ್ಪಿದವನನ್ನು ಹಸಿಯೆಂದೂ ಒಪ್ಪದವನನ್ನು ಮುರಿಯತಕ್ಕವನೆಂದೂ ತಿಳಿಯುತ್ತಿದ್ದರು.

ವಖಾರದ ಹಿಂದಿನ ಖಾಲಿ ಜಾಗದಲ್ಲಿ ಅವರು ಒಂದು ತಾಲೀಮನ್ನು, ಅಂದರೆ ಗರಡಿಯನ್ನು, ಕಟ್ಟಿಸಿದ್ದರು. ಕುಸ್ತಿಯ ಹೊಂಡ, ಅದರ ಪಕ್ಕದಲ್ಲಿ ಎಣ್ಣೆ ಸವರಿದ ಮಲ್ಲಕಂಬ. ಹೊಂಡದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣಪುಡಿ ಕಲೆಸುವುದು ಎಲ್ಲ ತಾಲೀಮುಗಳ ವಾಡಿಕೆ. ನಮ್ಮ ಹೊಂಡಕ್ಕೆ ವಖಾರದ ಕಸಬರಿಗೆಯಡಿ ಸಿಕ್ಕ ಪುಡಿ ಬರುತ್ತಿತ್ತು. ಅದನ್ನು ಕಾಕಾ ದಾನವೆಂದು ಕರೆಯುತ್ತಿದ್ದರು. ಹೊಂಡದ ದಂಡೆಯ ಮೇಲೆ ಅವರ ಕುರ್ಚಿ, ಕುರ್ಚಿಯಲ್ಲಿ ಒಂದು ಚಿಕ್ಕ ಲೋಡು. ಪೈಲವಾನರ ಹಾಗೆ ಬಿಗಿಯಾಗಿ ರುಮಾಲು ಸುತ್ತಿ, ರಟ್ಟೆಗೆ ತಾಯಿತ ಕಟ್ಟಿ ಕೂಡುತ್ತಿದ್ದರು. ತಮ್ಮ ಆಯುಷ್ಯದಲ್ಲಿ ಅವರು ಒಂದು ದಂಡ ಹೊಡೆದದ್ದನ್ನು ಕಂಡವರಿಲ್ಲ. ಪೇಟೆಯ ಜನ ಸೌಜನ್ಯಕ್ಕಾಗಿ ‘ಪೈಲವಾನ ಕಾಕಾ’ ಎನ್ನುತ್ತಿದ್ದರು. ಅವರು ಅದನ್ನು ಸನ್ನದು ಎಂದು ಸ್ವೀಕರಿಸಿದ್ದರು.

ಕಲಿಸುವವರು ಬೇರೆ. ಖಂಡೇರಾಜುರಿಯ ಕಡೆಯ ಒಬ್ಬ ವಯಸ್ಸಾದ ರೈತರು ನಮ್ಮ ವಸ್ತಾದರು. ಅವರದು ಮಾತು ಕಡಿಮೆ, ಸಂಕೋಚ ಹೆಚ್ಚು. ಕಾಕಾ ಅವರ ಎದುರಿಗೆ ಅವರು ಸರಿಯಾದದ್ದನ್ನು ಯೋಚಿಸುತ್ತಿದ್ದರು, ಆದರೆ ಹೇಳುತ್ತಿರಲಿಲ್ಲ.

ಆಗ ನಾನು ಮೀಸೆ ಚಿಗುರದ ಹುಡುಗ. ಕಂಬದ ಮೇಲೆ ನನ್ನ ಮೈ ಬೇಕಾದ ಹಾಗೆ ಬಾಗುತ್ತಿತ್ತು. ವಿಶೇಷವಾಗಿ ಹಿಂದಕ್ಕೆ ಬಾಗಿ, ಅಂಗೈ ಅಂಗಾಲುಗಳನ್ನು ನೆಲಕ್ಕೂರಿ, ಹೊಟ್ಟೆಯನ್ನು ಆಕಾಶಕ್ಕೆತ್ತಿ ನಿಲ್ಲುವ ಕಮಾನು ನನಗೆ ಸಲೀಸಾಗಿತ್ತು. ಇದೇ ನನ್ನ ದುರದೃಷ್ಟಕ್ಕೆ ಕಾರಣವಾಯಿತು.

ಒಂದು ದಿನ ಕಾಕಾ ಉಬ್ಬಿಕೊಂಡು ತಾಲೀಮಿಗೆ ಬಂದರು. ಸಂಸ್ಥಾನಕ್ಕೆ ಒಬ್ಬ ದೊಡ್ಡ ಗೋರಾ ಸಾಹೇಬರು ಅತಿಥಿಯಾಗಿ ಬರುವವರಿದ್ದು, ಅವರಿಗೆ ಊರಿನ ತಾಲೀಮುಗಳನ್ನು ತೋರಿಸುವ ಏರ್ಪಾಡು ಆಗಿದೆ, ನಮ್ಮ ತಾಲೀಮೂ ಯಾದಿಯಲ್ಲಿದೆ ಎಂದು ತಿಳಿಸಿದರು. ಅನಂತರ ಕುರ್ಚಿಯಲ್ಲಿ ಒರಗಿ ತಮ್ಮ ಯೋಜನೆಯನ್ನು ಪ್ರಕಟಿಸಿದರು.

“ಎಲ್ಲಾ ತಾಲೀಮಿನ್ಯಾಗೂ ಹುಡುಗ್ರು ಕಂಬಾ ಏರ್ತಾರ, ಇಳೀತಾರ. ಅದನ್ನ ಮಂಗ್ಯಾನೂ ಮಾಡತೈತಿ. ನಮ್ಮಲ್ಲಿ ಹಂಗಲ್ಲ. ನಮ್ಮ ಹುಡುಗ ಕಮಾನ್ ಆಗಿ ನಿಲ್ತಾನ. ಅವನ ಹೊಟ್ಟಿ ಮ್ಯಾಲ ಬೆಳ್ಳಿ ತಬಕ. ತಬಕಿನ್ಯಾಗ ಹಾರ, ತುರಾಯಿ, ಟೆಂಗಿನಕಾಯಿ. ಸಾಹೇಬ್ರು ನಡಕೋತ ಬರ್ತಾರ, ಹುಡುಗನ ಹೊಟ್ಟಿ ಮ್ಯಾಲಿನ ಹಾರ ನಾ ಎತ್ತತೀನಿ, ಅವರ ಕೊಳ್ಳಿಗೆ ಹಾಕತೀನಿ. ಹೆಂಗೈತಿ?”

ವಸ್ತಾದರು ತಮ್ಮ ಪಾದಗಳನ್ನು ನೋಡುತ್ತ ಕೇಳಿದರು: “ಸಾವ್ಕಾರ್ರ, ಸಾಹೇಬ್ರು ಬರೂದು ತಡಾ ಆದ್ರ ಹೆಂಗ್ರಿ? ಹುಡುಗ ಎಷ್ಟೊತ್ತಂತ ನಿಲ್ತಾನ?”

“ತಡಾ ಆದ್ರ ತಡಾ ಆಗೂತನಕ ನಿಲ್ತಾನ. ಮೇಜು ಏನ್ ಕೇಳತೈತೇನು, ಎಷ್ಟೊತ್ತು ನಿಲ್ಲೂದಂತ?”

ಹುಡುಗರು ನಕ್ಕರು. ನಾನೂ ನಕ್ಕೆ. ಆ ವಯಸ್ಸಿನಲ್ಲಿ ಮೇಜಾಗುವುದು ನನಗೆ ಗೌರವವೆಂದೇ ತೋರಿತು.

ಅಂದಿನಿಂದ ನನ್ನ ವ್ಯಾಯಾಮದ ಕ್ರಮವೇ ಬದಲಾಯಿತು. ಬೆಳಗ್ಗೆ ಕಂಬದ ಮೇಲಿನ ಕಸರತ್ತು ಮುಗಿದ ಮೇಲೆ ಕಮಾನು; ಸಂಜೆ ಮತ್ತೆ ಕಮಾನು. ಹೊಟ್ಟೆಯ ಮೇಲೆ ತಬಕ, ತಬಕಿನಲ್ಲಿ ಅಂಗಡಿಯ ತೂಕದ ಕಲ್ಲುಗಳು. ಹಾರ ಮತ್ತು ತೆಂಗಿನಕಾಯಿಗೆ ಅಷ್ಟು ಭಾರವಿಲ್ಲವೆಂದು ವಸ್ತಾದರು ಒಮ್ಮೆ ಸೂಚಿಸಿದ್ದರು. “ಹೆಚ್ಚಿಂದು ತಡದ್ರ ಕಡಿಮಿದು ತಡೀತಾನ” ಎಂದು ಕಾಕಾ ಅಪ್ಪಣೆ ಮಾಡಿದರು. ದಿನಕ್ಕೊಂದು ಕಲ್ಲು ಏರಿತು. ಕಾಕಾ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕುತ್ತ ನನ್ನ ಸುತ್ತ ಸಾಹೇಬರ ದಾರಿಯನ್ನು ನಿಶ್ಚಯಿಸುತ್ತಿದ್ದರು. ಎಡದಿಂದ ಬರುವರೋ ಬಲದಿಂದಲೋ ಎಂಬುದು ಇತ್ಯರ್ಥವಾಗುವ ತನಕ ನಾನು ಎದ್ದು ನಿಲ್ಲುವಂತಿರಲಿಲ್ಲ.

ನೋವು ಯಾವ ದಿನ ಆರಂಭವಾಯಿತೆಂದು ನಿಖರವಾಗಿ ಹೇಳಲಾರೆ. ಅದೇ ಅದರ ಕಪಟ. ಬಿದ್ದ ನೋವಿಗೆ ದಿನ, ಗಳಿಗೆ ಇರುತ್ತದೆ; ಇದಕ್ಕೆ ಇರಲಿಲ್ಲ. ಧೋತರದ ಗಂಟು ಕೂಡುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಬೆನ್ನುಹುರಿಯ ಎಡಮಗ್ಗುಲಲ್ಲಿ, ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ಆಗುತ್ತಿತ್ತು. ಮಲಗಿದರೆ ಇಲ್ಲ, ಕಮಾನು ಹಾಕಿದರೆ ಇದೆ. ಕೆಲವು ವಾರಗಳ ನಂತರ ಅದು ಹೆಬ್ಬೆರಳಾಗಿ ಉಳಿಯದೆ ದಬ್ಬಣವಾಯಿತು. ಶಾಲೆಯ ಬೆಂಚಿನಿಂದ ಏಳುವಾಗಲೂ ಚುಚ್ಚತೊಡಗಿತು. ತೊಡೆಗಳ ಹಿಂಭಾಗ ಹಸಿ ಚರ್ಮ ಒಣಗಿದ ಹಾಗೆ ಬಿಗಿದು, ಮುಂದಕ್ಕೆ ಬಗ್ಗುವುದು ಸಾಧ್ಯವಾಗದೆ ಹೋಯಿತು.

ಈ ಕೊನೆಯ ಲಕ್ಷಣದಿಂದ ಒಂದು ತೊಡಕು ಉಂಟಾಯಿತು. ತಾಲೀಮಿನ ಹುಡುಗರು ಪ್ರತಿದಿನ ಹೊಂಡದ ಮಣ್ಣನ್ನು ಮುಟ್ಟಿ, ವಸ್ತಾದರಿಗೆ ನಮಸ್ಕರಿಸಿ, ಅನಂತರ ಕಾಕಾ ಅವರ ಪಾದಗಳನ್ನು ಮುಟ್ಟಬೇಕೆಂಬ ನಿಯಮವಿತ್ತು. ನಿಯಮ ಕಾಕಾ ಅವರದೇ. ನನ್ನ ಕೈ ಅವರ ಮೊಣಕಾಲಿನವರೆಗೆ ಹೋಗಿ ಅಲ್ಲಿಯೇ ನಿಲ್ಲಹತ್ತಿತು.

“ಏನಲೇ, ಇಲ್ಲಿಗೇ ಮುಗೀತ ನಿನ್ನ ಭಕ್ತಿ?” ಎಂದು ಅವರು ಎಲ್ಲರೆದುರು ಕೇಳಿದರು.

“ನಡಾ ಬಗ್ಗವಲ್ದ್ರಿ ಕಾಕಾ. ಭಾಳ ನೂಯತೈತಿ.”

“ಹಿಂದಕ್ಕ ಬಗ್ಗತೈತಿ, ಮುಂದಕ್ಕ ಬಗ್ಗಾಂಗಿಲ್ಲ! ಇದು ಬ್ಯಾನಿ ಅಲ್ಲಪಾ, ಸೊಕ್ಕು. ಸಾಹೇಬ್ರ ಮುಂದ ಹೆಸರಾಗತೈತೆಲ್ಲ, ಈಗ ಕಾಕಾ ಯಾಕ ಬೇಕು?”

ರೋಗದ ಲಕ್ಷಣವೊಂದನ್ನು ಅವಿಧೇಯತೆಯೆಂದು ದಾಖಲಿಸಿದ ಮನುಷ್ಯ ಇವರೊಬ್ಬರೇ ಇರಲಿಕ್ಕಿಲ್ಲ. ಆದರೆ ಅದಕ್ಕೆ ಅವರು ಕೊಟ್ಟ ಚಿಕಿತ್ಸೆ ಅಪರೂಪದ್ದು. ನನ್ನನ್ನು ಮಣ್ಣಿನಲ್ಲಿ ಬೋರಲು ಮಲಗಿಸಿ, ಒಬ್ಬ ದಪ್ಪ ಹುಡುಗನನ್ನು ಬೆನ್ನ ಮೇಲೆ ನಡೆಸಿದರು. ಮೇಲೆ ಬಿಸಿ ಅರಿಷಿಣದ ಲೇಪ. ಊತಕ್ಕೆ, ಗಾಯಕ್ಕೆ, ಕೆಮ್ಮಿಗೆ, ಕೆಟ್ಟ ದೃಷ್ಟಿಗೆ, ಎಲ್ಲದಕ್ಕೂ ಅವರ ಹತ್ತಿರ ಅರಿಷಿಣವೇ ಔಷಧ. ಬೇರೆ ಔಷಧ ಅವರ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಾದ್ದರಿಂದ. ಮಾರನೆಯ ದಿನ ಮತ್ತೆ ಕಮಾನು.

ಒಂದು ಸಂಜೆ, ತಬಕ ಹೊಟ್ಟೆಯ ಮೇಲಿದ್ದಾಗ, ಸೊಂಟದ ಒಳಗೆ ಏನೋ ಕಳಚಿದಂತಾಗಿ ಎಡಗಾಲು ನಡುಗಿತು. ನಾನು ಪಕ್ಕಕ್ಕೆ ಕುಸಿದೆ. ತೂಕದ ಕಲ್ಲುಗಳು ಉರುಳಿದವು, ತಬಕ ಖಣಖಣ ಎಂದು ಹೊಂಡದ ಕಟ್ಟೆಗೆ ಬಡಿಯಿತು. ಕಾಕಾ ಕುರ್ಚಿಯಿಂದ ಎದ್ದರು. ಅವರು ಅಷ್ಟು ಬೇಗ ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ತಬಕ ನೆಗ್ಗೈತೇನ್ ನೋಡ್ರಿ, ತಬಕ!”

ತಬಕ ನೆಗ್ಗಿರಲಿಲ್ಲ. ಇಬ್ಬರು ಹುಡುಗರು ನನ್ನನ್ನು ಎತ್ತಿ ಮನೆಗೆ ತಂದರು.

ಇನ್ನು ನನ್ನ ತಾಯಿಯ ವಿಷಯ. ಅವಳು ಮಿರಜದ ಒಂದು ಅರಿಷಿಣದ ಅಂಗಡಿಯ ಮಗಳು. ತಾನು ಭಾವಜಿ ಎಂದು ಕರೆಯುವ ಮೈದುನನ ಅನ್ನದಲ್ಲಿರುವ ವಿಧವೆಯಾಗಿ ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ. ಮಾತನಾಡಿದರೆ ಎಲ್ಲಿಗೆ ಹೋಗಬೇಕೆಂಬುದು ಅವಳಿಗೂ ಗೊತ್ತಿತ್ತು, ಕಾಕಾ ಅವರಿಗೂ ಗೊತ್ತಿತ್ತು. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಹೇಳಿದಳು: “ಭಾವಜಿ, ನಾಳೆ ಇವನ್ನ ಮಿರಜಿಗೆ ಕರಕೊಂಡು ಹೋಗ್ತೀನ್ರಿ. ದವಾಖಾನಿಗೆ ತೋರಸ್ತೀನಿ.”

“ಮಿರಜ ಬ್ಯಾರೆ ಸಂಸ್ಥಾನ, ವೈನಿ” ಎಂದು ಕಾಕಾ ರೊಟ್ಟಿ ಮುರಿಯುತ್ತ ಹೇಳಿದರು. “ಬ್ಯಾರೆ ಸಂಸ್ಥಾನದ ಡಾಕ್ಟರ, ನಮ್ಮ ಸಂಸ್ಥಾನದ ಎಲುಬು ಅವನಿಗೇನು ತಿಳೀತೈತಿ?”

ಇದು ವಿನೋದವಲ್ಲ. ಅವರು ಇದನ್ನು ಆಡಳಿತದ ತತ್ವವಾಗಿಯೇ ಹೇಳಿದ್ದರು.

ಬೆಳಗಾದ ಮೇಲೆ ನಾವು ಟಾಂಗಾದಲ್ಲಿ ಹೊರಟೆವು. ವಿಶ್ರಾಮಬಾಗದ ವರೆಗೆ ರಸ್ತೆ ಸಹಿಸುವಂತಿತ್ತು; ಅಲ್ಲಿಂದ ಮುಂದೆ ಒಂದೊಂದು ತಗ್ಗೂ ನನ್ನ ಬೆನ್ನಿನಲ್ಲಿ ಬೇರೆ ಬೇರೆಯಾಗಿ ನಮೂದಾಯಿತು. ಅವ್ವ ತನ್ನ ಮಡಿಲಲ್ಲಿ ನನ್ನ ತಲೆಯಿಟ್ಟುಕೊಂಡು ದಾರಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ಕೇಳಿದಳು: “ಕಾಲಾಗ ಜೀವಾ ಐತೆಲ್ಲೋ? ಬೆರಳ ಅಲಗಾಡಸು ನೋಡೋಣು.” ನಾನು ಅಲುಗಾಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು.

ಆಸ್ಪತ್ರೆಯ ಡಾಕ್ಟರರು ಮರಾಠಿಯಲ್ಲಿ ಮಾತನಾಡಿದರು. ಎಲ್ಲಿಂದ ಬಿದ್ದೆ ಎಂದು ಕೇಳಿದರು. ಬಿದ್ದಿಲ್ಲವೆಂದೆ. ಕುಸ್ತಿಯಲ್ಲಿ ಯಾರಾದರೂ ಎತ್ತಿ ಒಗೆದರೇ ಎಂದರು. ಇಲ್ಲವೆಂದೆ. ಒಂದು ಕಾಲಿನ ಮೇಲೆ ನಿಲ್ಲಿಸಿ ಹಿಂದಕ್ಕೆ ಬಾಗಲು ಹೇಳಿದರು. ಎಡಗಾಲಿನ ಮೇಲೆ ನಿಂತಾಗ ನಾನು ಕೂಗಿದೆ. ಅಷ್ಟರ ಮೇಲೆ ಅವರು ನನ್ನ ದಿನಚರಿಯನ್ನು ವಿಚಾರಿಸಿದರು. ಅವ್ವ ಕಮಾನು, ತಬಕ, ತೂಕದ ಕಲ್ಲು ಎಲ್ಲವನ್ನೂ ಹೇಳಿದಳು. ತಬಕಿನ ಸಂಗತಿಯನ್ನು ಡಾಕ್ಟರರು ಎರಡು ಸಲ ಹೇಳಿಸಿಕೊಂಡರು. ಮೊದಲ ಸಲ ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಎಲುಬಿನ ಫೋಟೋ ತೆಗೆದರು. ನೆಟ್ಟಗೆ, ಮಗ್ಗುಲಿಗೆ, ಕೊನೆಗೆ ಓರೆಯಾಗಿ ಮಲಗಿಸಿ. ಬೆಳಕಿಗೆ ಹಿಡಿದು ತೋರಿಸಿದಾಗ ಸೊಂಟದ ಕೊನೆಯ ಮಣಿಯ ಹಿಂಬದಿಯಲ್ಲಿ ಕೂದಲೆಳೆಯಂಥ ಒಂದು ಕರಿಯ ಗೆರೆ ಇತ್ತು. ಅವರು ಹೇಳಿದ್ದರ ತಾತ್ಪರ್ಯ ಹೀಗಿದೆ: ಇದು ಬಿದ್ದು ಮುರಿದದ್ದಲ್ಲ. ಬೆಳೆಯುವ ವಯಸ್ಸಿನ ಎಲುಬು ಇನ್ನೂ ಬಲಿತಿರುವುದಿಲ್ಲ. ಒಂದೇ ಜಾಗದಲ್ಲಿ ದಿನದಿನವೂ ಹಿಂದಕ್ಕೆ ಬಗ್ಗಿಸಿದರೆ, ಅದು ತನ್ನನ್ನು ತಾನು ಸರಿಪಡಿಸಿಕೊಳ್ಳುವ ಮುಂಚೆಯೇ ಮತ್ತೆ ಮತ್ತೆ ಜಗ್ಗಿ, ಕಡೆಗೆ ಸೀಳುತ್ತದೆ. ಈಗ ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುವ ಸಂಭವವಿದೆ. ಕೊಡದಿದ್ದಲ್ಲಿ ಇನ್ನೊಂದು ಮಗ್ಗುಲೂ ಸೀಳಿ, ಮಣಿ ಮುಂದಕ್ಕೆ ಜಾರಿ, ಕಾಲುಗಳಿಗೆ ಧಕ್ಕೆಯಾಗಬಹುದು. ಪ್ಲಾಸ್ಟರ್ ಹಾಕಬೇಕು, ತಿಂಗಳುಗಟ್ಟಲೆ ಮಲಗಬೇಕು, ಕಮಾನು ಮುಂದೆಂದೂ ಕೂಡದು.

ಪ್ಲಾಸ್ಟರಿಗಾಗಿ ಒಂದೆರಡು ದಿನ ಬಿಟ್ಟು ಬರಲು ಹೇಳಿದರು. ಆದಕಾರಣ ನಾವು ಸಾಂಗಲಿಗೆ ಮರಳಿದೆವು.

ವಖಾರದ ಮುಂದೆ ಅಂದು ಮಾಲಿನ ಪರೀಕ್ಷೆ ನಡೆದಿತ್ತು. ಪೇಟೆಯ ಹಲವು ವ್ಯಾಪಾರಿಗಳು ಚೀಲಗಳ ಸುತ್ತ ಕುಳಿತಿದ್ದರು. ಕಾಕಾ ಒಂದು ಚೀಲದ ಕೊಂಬನ್ನು ಬಾಗಿಸಿ, ಹಸಿಯೆಂದು ತಿರಸ್ಕರಿಸಿ, ಲೋಡಿಗೆ ಒರಗಿದ್ದರು. ಅವ್ವ ಡಾಕ್ಟರರು ಹೇಳಿದ್ದನ್ನು ಬಾಗಿಲಲ್ಲಿ ನಿಂತು ತಿಳಿಸಿದಳು. ಒಳಗೆ ಕರೆದು ಕೇಳಬಹುದಾಗಿತ್ತು. ಕಾಕಾ ಎಲ್ಲರೆದುರಿಗೇ ಹೇಳಿಸಿದರು.

“ಬಿದ್ದಿಲ್ಲ, ಬಡಿಸಿಕೊಂಡಿಲ್ಲ, ಎಲುಬು ಮುರೀತಂತ!” ಎಂದು ವ್ಯಾಪಾರಿಗಳ ಕಡೆ ತಿರುಗಿದರು. “ಕೇಳ್ರಪಾ. ಎಲುಬೋ, ಹೆಣಮಕ್ಕಳ ಬಳಿಯೋ?”

ಕೆಲವರು ನಕ್ಕರು. ನಗು ಕೇಳಿದರೆ ಕಾಕಾ ಅವರ ಬುದ್ಧಿ ಇನ್ನಷ್ಟು ಕೆಳಗೆ ಇಳಿಯುತ್ತಿತ್ತು.

“ಬೀಳದ ಎಲುಬು ಮುರದ್ರ ಅದು ಹುಟ್ಟಾ ಮುರದದ್ದು ವೈನಿ. ನಮ್ಮ ಮನಿತನದಾಗ ಇಂಥಾ ಎಲುಬಿಲ್ಲ. ಇದು ನಿಮ್ಮ ತವರಿಂದು.”

ನಗು ನಿಂತಿತು. ಮಗನ ರೋಗವನ್ನು ಅತ್ತಿಗೆಯ ತವರಿಗೆ ಕಟ್ಟುವುದು ಪೇಟೆಯ ಎದುರು ಆಡುವ ಮಾತಲ್ಲ. ಅವ್ವ ಒಳಗೆ ಹೋಗುವಳೆಂದು ನಾನು ತಿಳಿದೆ. ಅವಳು ಹೊರಗೆ ಬಂದಳು. ಕಾಕಾ ತಿರಸ್ಕರಿಸಿದ ಚೀಲದಿಂದ ಒಂದು ಕೊಂಬನ್ನು ತೆಗೆದುಕೊಂಡು, ಎರಡು ಕೈಗಳ ಹೆಬ್ಬೆರಳು ಕೂಡಿಸಿ, ಒಂದೇ ಜಾಗದಲ್ಲಿ ಬಗ್ಗಿಸತೊಡಗಿದಳು. ಬಗ್ಗಿಸುವುದು, ಬಿಡುವುದು, ಬಗ್ಗಿಸುವುದು, ಬಿಡುವುದು. ಅವಸರವಿಲ್ಲ. ವ್ಯಾಪಾರಿಗಳು ಆ ಕೈಗಳನ್ನೇ ನೋಡುತ್ತ ಕುಳಿತರು. ಸಾಕೆನಿಸಿದಾಗ ಅದನ್ನು ಒಬ್ಬ ಹಿರಿಯ ವ್ಯಾಪಾರಿಯ ಕೈಯಲ್ಲಿಟ್ಟಳು.

“ಅಣ್ಣಾರ, ಮ್ಯಾಲ ಏನರೆ ಆಗೇತೇನ್ರಿ?”

“ಇಲ್ಲವಾ. ಸಿಪ್ಪಿ ನೆಟ್ಟಗೈತಿ.”

“ಸಿಪ್ಪಿ ತಗದ ನೋಡ್ರಿ.”

ಅವರು ಚಾಕುವಿನಿಂದ ಸಿಪ್ಪೆಯನ್ನು ಹೆರೆದು ಬೆಳಕಿಗೆ ಹಿಡಿದರು. ಆ ಕೊಂಬು ಕೈಯಿಂದ ಕೈಗೆ ಹೋಯಿತು. ಕೊನೆಗೆ ಹಿರಿಯರು ಒಂದೇ ಮಾತು ಹೇಳಿದರು: “ಒಳಗ ಸೀಳೈತಿ.”

ಅವ್ವ ಕಾಕಾ ಅವರ ಕಡೆ ತಿರುಗಿದಳು. “ಇದು ಯಾವ ಕಂಬದ ಮ್ಯಾಲಿಂದ ಬಿದ್ದಿತ್ರಿ, ಭಾವಜಿ?”

ಒಬ್ಬ ಮನುಷ್ಯನಿಗೆ ತನ್ನ ತಪ್ಪನ್ನು ತಿದ್ದಿಕೊಳ್ಳಲು ಇದಕ್ಕಿಂತ ಉತ್ತಮವಾದ ಅವಕಾಶವನ್ನು ಯಾವ ಸರಕಾರವೂ ಮಂಜೂರು ಮಾಡಲಾರದು. ಎಲ್ಲರೂ ಅವರ ಉತ್ತರಕ್ಕಾಗಿ ಕಾದರು. ಕಾಕಾ ಆ ಕೊಂಬನ್ನು ತರಿಸಿಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಎದೆಯುಬ್ಬಿಸಿ ಹೇಳಿದರು:

“ನೋಡ್ರಿ, ಈ ಚೀಲ ಹಸಿ ಐತಂತ ನಾ ಮೊದಲ ಹೇಳಿದ್ನ್ಯೋ ಇಲ್ಲೋ?”

ಸ್ವಂತ ಅಣ್ಣನ ಮಗನ ಬೆನ್ನು ಅವರ ಮುಂದಿತ್ತು. ಅವರಿಗೆ ಕಂಡದ್ದು ತಮ್ಮ ಕೀರ್ತಿ. ಈ ಮನುಷ್ಯನನ್ನು ಕುರಿತು ನನ್ನ ಅಭಿಪ್ರಾಯ ಅಂದು ಸ್ಥಿರವಾಯಿತು. ಅದರಲ್ಲಿ ಇಂದಿನ ವರೆಗೂ ಯಾವುದೇ ಬದಲಾವಣೆಯ ಅಗತ್ಯ ಕಂಡುಬಂದಿಲ್ಲ.

ಆ ಸಂಜೆ ಅವರು ನಮ್ಮ ಕೋಣೆಯ ಬಾಗಿಲಿಗೆ ಬಂದರು. ಧ್ವನಿಯಲ್ಲಿ ಬೆಣ್ಣೆಯಿತ್ತು.

“ವೈನಿ, ಸಾಹೇಬ್ರು ಬರೂದು ನಾಡದ. ಒಂದ ಸಲ, ಹಾರ ಎತ್ತೂತನಕ ಅಷ್ಟ. ಆಮ್ಯಾಲ ಬೇಕಾದಷ್ಟು ಪ್ಲಾಸ್ಟರ್ ಹಾಕಸ್ರಿ, ಮನಿಗೆಲ್ಲಾ ಹಾಕಸ್ರಿ. ನಾ ಮಾತು ಕೊಟ್ಟೇನಿ.”

ಅವ್ವ ನನ್ನ ಹಾಸಿಗೆಯ ಅಂಚನ್ನು ಸರಿಪಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಮಾತು ನಿಮ್ಮದು. ಬಗ್ಗಾಕ ನಿಮಗೂ ನಡಾ ಐತೆಲ್ಲ, ಭಾವಜಿ.”

ಅವರು ಬೇರೆ ಹುಡುಗರನ್ನು ಹುಡುಕಲು ವಸ್ತಾದರ ಬಳಿಗೆ ಹೋದರು. ಪೇಟೆಯಲ್ಲಿ ನಡೆದದ್ದು ಅಷ್ಟರಲ್ಲಿ ತಾಲೀಮಿಗೂ ತಲುಪಿತ್ತು. ಎಂದೂ ಎದುರಾಡದ ವಸ್ತಾದರು, “ನನ್ನ ಹುಡುಗ್ರು ಮೇಜಲ್ರಿ ಸಾವ್ಕಾರ್ರ” ಎಂದು ಹೇಳಿ, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಊರಿಗೆ ನಡೆದರೆಂದು ಅನಂತರ ತಿಳಿಯಿತು. ಆ ಒಂದು ವಾಕ್ಯಕ್ಕಾಗಿ ಅವರು ವರ್ಷಗಟ್ಟಲೆ ಉಸಿರು ಕೂಡಿಡುತ್ತಿದ್ದರೆಂದು ಕಾಣುತ್ತದೆ.

ನಿಗದಿಯಾದ ದಿನ ಸಾಹೇಬರು ಬಂದರು. ನಮ್ಮ ಮನೆಯ ಪಡಸಾಲೆಯಿಂದ ಒಂದು ಕಟ್ಟಿಗೆಯ ಮೇಜನ್ನು ಹೊತ್ತೊಯ್ದು, ಶಾಲು ಹೊದಿಸಿ, ತಬಕನ್ನು ಅದರ ಮೇಲಿಡಲಾಗಿತ್ತು. ಬಹಳ ತಡವಾಗಿ ಬಂದ ಸಾಹೇಬರು ಗಾಡಿಯಿಂದ ಪೂರ್ತಿ ಇಳಿಯಲೂ ಇಲ್ಲ. ಮೆಟ್ಟಿಲ ಮೇಲೆಯೇ ಕೊರಳೊಡ್ಡಿ, ಹಾರ ಹಾಕಿಸಿಕೊಂಡು, ಹಾರ ಎಲ್ಲಿಂದ ಬಂತೆಂಬುದನ್ನು ನೋಡದೆಯೇ ಮುಂದೆ ಹೋದರು. ನಾನು ಅಲ್ಲಿರಲಿಲ್ಲ, ಹುಡುಗರು ಬಂದು ಹೇಳಿದರು. ಮೇಜು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನಿರ್ವಹಿಸಿತೆಂದೂ ಅದರ ಕಾಲು ನಡುಗಲಿಲ್ಲವೆಂದೂ ಹೇಳಿ ಅವರು ಬಿದ್ದು ಬಿದ್ದು ನಕ್ಕರು. ನನಗೆ ನಗಲು ಬೆನ್ನು ಅವಕಾಶ ಕೊಡಲಿಲ್ಲ.

ಅನಂತರ ಕಂಕುಳಿನಿಂದ ಸೊಂಟದ ವರೆಗೆ ಪ್ಲಾಸ್ಟರಿನ ಅಂಗಿ ತೊಟ್ಟು ನಾನು ವಖಾರದ ಪಕ್ಕದ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿದೆ. ಬೇಸಿಗೆಯಲ್ಲಿ ಅದರೊಳಗೆ ತುರಿಕೆ. ಅವ್ವ ಬೀಸಣಿಕೆಯ ಹಿಡಿಯನ್ನು ಒಳಗೆ ಇಳಿಸಿ ಕೆರೆಯುತ್ತಿದ್ದಳು. ಕಾಕಾ ದಿನವೂ ಬರುತ್ತಿದ್ದರು. ಗಡಿಗೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ನನ್ನ ಎದೆಯನ್ನು ಬಡಿದು, “ಏನ್ ಗಡಿಗೀ, ಬೆಂದೀಯೇನು? ಇನ್ನೂ ಹಸೀನ?” ಎಂದು ಕೇಳುತ್ತಿದ್ದರು. ಕೇಳಿ ತಾವೇ ನಗುತ್ತಿದ್ದರು.

ಒಂದು ದಿನ ಬಡಿದು ನಕ್ಕ ಮೇಲೆ ಅವರು ಹೊರಟುಹೋಗಲಿಲ್ಲ. ನನ್ನ ಕೈಗಳನ್ನು ನೋಡಿದರು.

“ನಡಾ ಮುರದೈತಿ, ಖರೆ. ಕೈ ಅರೆ ನೆಟ್ಟಗದಾವಲ್ಲ. ಸುಮ್ನ ಬಿದ್ದು ತಿನ್ನೂಕಿಂತ ನಾಲ್ಕ ಅಕ್ಷರ ಬರಿ.”

ಹೀಗೆ ನಾನು ಅವರ ಪುಕ್ಕಟೆ ಮುನಶಿಯಾದೆ. ಎದೆಯ ಪ್ಲಾಸ್ಟರಿನ ಮೇಲೆಯೇ ಹಲಗೆಯಿಟ್ಟುಕೊಂಡು, ಅವರು ಹೇಳಿದ ಅರ್ಜಿಗಳನ್ನು ಸಂಸ್ಥಾನದ ದಫ್ತರಕ್ಕೆ ಬರೆದೆ. ಅವರ ಕೋರಿಕೆಗಳು ಅವರಿಗೆ ತಕ್ಕವಾಗಿಯೇ ಇದ್ದವು. ತಾಲೀಮಿನ ಸೇವೆಗಾಗಿ ಬಿರುದು ದಯಪಾಲಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ದರ್ಬಾರಿನಲ್ಲಿ ಆಸನ ಕೊಡಬೇಕು. ಆಸನ ಲೋಡಿನ ಸಮೇತ ಇರಬೇಕು. ಈ ಕೊನೆಯ ಅಂಶವನ್ನು ಬಿಟ್ಟರೆ ಒಳಿತೆಂದು ನಾನು ಸೂಚಿಸಿದೆ. “ಅದ ಮುಖ್ಯ. ದಪ್ಪ ಅಕ್ಷರದಾಗ ಬರಿ” ಎಂದರು. ಹಿಂದಿನ ಅರ್ಜಿಗಳ ನಕಲುಗಳನ್ನು ತಂದುಕೊಟ್ಟರು. ಅವುಗಳನ್ನು ನೋಡಿ ನೋಡಿ ಸಂಬೋಧನೆ, ಒಕ್ಕಣೆ, ವಿನಯದ ಅಳತೆ, ದೊಡ್ಡವರ ತಪ್ಪನ್ನು ಅವರ ಕೃಪೆಯೆಂದು ಬರೆಯುವ ರೀತಿ, ಎಲ್ಲವನ್ನೂ ಕಲಿತೆ. ಪ್ರತಿ ಅರ್ಜಿಗೂ ‘ಯೋಗ್ಯ ವಿಚಾರ ಮಾಡಲಾಗುವುದು’ ಎಂಬ ಜವಾಬು ಬರುತ್ತಿತ್ತು. ಕಾಕಾ ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸುತ್ತಿದ್ದರು.

ನಾನು ಎದ್ದು ನಡೆದಾಡುವಂತಾದ ಮೇಲೆ ದಫ್ತರದಿಂದ ನನಗೆ ಕರೆ ಬಂತು. ಹೆಡ್ ಕ್ಲಾರ್ಕ್ ಸಾಹೇಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಲೋಡಿನ ಅರ್ಜಿ ಬರದಾಂವ ನೀನ ಏನೋ?” ಎಂದು ಕೇಳಿದರು. ಆ ಅರ್ಜಿಗಳನ್ನು ಮಧ್ಯಾಹ್ನದ ಚಹಾದ ಹೊತ್ತಿಗೆ ಗಟ್ಟಿಯಾಗಿ ಓದಿ ಇಡೀ ದಫ್ತರ ನಗುತ್ತಿತ್ತಂತೆ. ಆದರೆ ನಗುವವರಿಗೂ ಅದರ ಒಕ್ಕಣೆಯಲ್ಲಿ ತಪ್ಪು ಹುಡುಕಲು ಆಗಿರಲಿಲ್ಲ. ನನಗೆ ಕಾರಕೂನನ ಕೆಲಸ ಸಿಕ್ಕಿತು. ನಾನು ಮತ್ತು ಅವ್ವ ಬೇರೆ ಬಾಡಿಗೆ ಮನೆ ಮಾಡಿದೆವು. ನನ್ನ ಅನ್ನಕ್ಕೆ ಕಾಕಾ ಕಾರಣರೆಂಬುದು ನಿಜ. ಅದನ್ನು ಇಲ್ಲಿ ನಮೂದಿಸಿದ್ದೇನೆ. ಕೊಡುವ ಉದ್ದೇಶವಿಲ್ಲದೆ ಕೊಟ್ಟದ್ದಕ್ಕೆ ಎಷ್ಟು ಕೃತಜ್ಞತೆ ಸಲ್ಲಬೇಕೆಂಬ ಬಗ್ಗೆ ಯಾವ ನಿಯಮವೂ ನನ್ನ ಗಮನಕ್ಕೆ ಬಂದಿಲ್ಲ.

ಸಂಸ್ಥಾನ ವಿಲೀನವಾಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ, ಕಾಕಾ ಗಾದಿಯ ಮೇಲೆ ಲೋಡಿಗೆ ಒರಗಿದವರು ಹಾಗೆಯೇ ಲಿಂಗೈಕ್ಯರಾದರು. ಗಿರಾಕಿಯೊಬ್ಬ ಬಹಳ ಹೊತ್ತು ಅವರ ಉತ್ತರಕ್ಕಾಗಿ ಕಾದು ಕುಳಿತಿದ್ದನಂತೆ. ಬದುಕಿದ್ದ, ಸತ್ತ ಎರಡೂ ಸ್ಥಿತಿಗಳಿಗೆ ಹೊರಗಿನಿಂದ ವ್ಯತ್ಯಾಸ ಕಾಣಿಸಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ನೆಟ್ಟಗೆ ಕೂಡಿಸಿ, ಮಂಟಪದಂತೆ ಕಟ್ಟಿದ ಹೂವಿನ ವಿಮಾನದಲ್ಲಿ ಕೂತಂತೆಯೇ ಒಯ್ದು, ಕೂತಂತೆಯೇ ಮಣ್ಣಿಗೆ ಒಪ್ಪಿಸುತ್ತೇವೆ. ಕಾಕಾ ನೆಟ್ಟಗೆ ಕೂಡಲೊಲ್ಲರು. ಹಿಂದೆ ಲೋಡಿಟ್ಟರೆ ಅದರೊಳಗೆ ಹುಗಿದುಹೋಗುವರು. ಲೋಡು ತೆಗೆದರೆ ಮಗ್ಗುಲಿಗೆ ವಾಲುವರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಬೇಸತ್ತರು.

“ಲೋಡು ತಗೀರಿ ಅತ್ಲಾಗ. ಹೂವಿನ ವಿಮಾನ ಬರೂತನಕ ಮನಿಯವ್ರು ಯಾರರೆ ಬೆನ್ನಿಗೆ ಬೆನ್ನು ಕೊಟ್ಟು ಕುಂದ್ರಿ.”

ಗಂಡುಮಕ್ಕಳಿಲ್ಲದ ಮನೆಯಲ್ಲಿ ಆ ಹಕ್ಕು ನನ್ನದು. ನಾನು ಅವರ ಹಿಂದೆ ಚಕ್ಕಳಮಕ್ಕಳ ಹಾಕಿ, ನನ್ನ ಬೆನ್ನನ್ನು ಅವರ ಬೆನ್ನಿಗೆ ಕೊಟ್ಟು ಕುಳಿತೆ. ಅವರು ನೆಟ್ಟಗಾದರು. ಪೇಟೆಯ ಜನ ಒಬ್ಬೊಬ್ಬರಾಗಿ ಬಂದು ಹೂವು ಹಾಕಿ, “ಪೈಲವಾನ ಕಾಕಾ, ನೋಡ್ರಿ, ಹೆಂಗ ಕುಂತಾರ, ಕಂಬ ಕುಂತಂಗ” ಎಂದು ಕೈ ಮುಗಿದರು. ಮುಂದಿನಿಂದ ಬಂದವರಿಗೆ ನಾನು ಕಾಣುತ್ತಿರಲಿಲ್ಲ.

ವಿಮಾನ ಕಟ್ಟುವವರು ತಡಮಾಡಿದರು. ಹಳೆಯ ಜಾಗ, ಎಡಮಗ್ಗುಲು, ಹೆಬ್ಬೆರಳಿನ ಹಾಗೆ ಒತ್ತತೊಡಗಿತು. ಅವ್ವ ಜನರ ನಡುವಿನಿಂದ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಎಷ್ಟೊತ್ತಾತೋ ಕುಂತು? ನಡಾ ನೂಯತಿರಬೇಕು. ಬ್ಯಾರೆ ಯಾರನ್ನರೆ ಕುಂದ್ರಸ್ತೀನಿ, ಏಳು.”

“ಮೇಜು ಏನ್ ಕೇಳತೈತೇನವ್ವಾ, ಎಷ್ಟೊತ್ತಂತ?” ಎಂದೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಸತ್ತವ್ರ ಮುಂದ ಹಂಗ ಅನಬಾರದು” ಎಂದು ಗದರಿಸಿದಳು. ಆದರೆ ಏಳೆಂದು ಮತ್ತೆ ಹೇಳಲಿಲ್ಲ. ಪಕ್ಕದಲ್ಲಿಯೇ ಕುಳಿತು, ನನ್ನ ಕಾಲ್ಬೆರಳುಗಳನ್ನು ನೋಡುತ್ತಿದ್ದಳು. ಅವಳು ಕೇಳುವ ಮೊದಲೇ ನಾನು ಅವುಗಳನ್ನು ಅಲುಗಾಡಿಸಿ ತೋರಿಸಿದೆ.

ವಿಮಾನ ಬರುವ ತನಕ ಅವರ ಭಾರವೆಲ್ಲ ನನ್ನ ಬೆನ್ನಿನ ಮೇಲೆಯೇ ಇತ್ತು. ತಬಕಿನ ಮುಂದೆ ಅದು ಏನೂ ಅಲ್ಲ.